ಸಿಡುಬಿನ ಕಲೆ, ಸೀಸದ ಬಿಳುಪು

ನಮ್ಮ ನಡುಮನೆಯ ಗೋಡೆಯ ಮೇಲೆ ನನ್ನ ಅಜ್ಜಿಯ ಪಟವೊಂದಿದೆ. ಅಜ್ಜಿಯನ್ನು ಕಣ್ಣಾರೆ ಕಂಡವರು ಯಾರೂ ಅದನ್ನು ಅಜ್ಜಿಯ ಪಟವೆಂದು ಒಪ್ಪುವುದಿಲ್ಲ. ಮೂಗು ಅವರದೇ, ಮೂಗುಬೊಟ್ಟೂ ಅವರದೇ. ಕೆನ್ನೆ ಮಾತ್ರ ಬೇರೆ ಯಾರದೋ. ಹತ್ತನೆಯ ವಯಸ್ಸಿನಲ್ಲಿ ಸಿಡುಬು ಬಂದು ಬದುಕಿ ಉಳಿದವರು ಅಜ್ಜಿ. ಹಣೆಯಿಂದ ಗದ್ದದವರೆಗೆ, ಸಾರಿಸಿದ ಕಣದ ಮೇಲೆ ದಪ್ಪ ಹನಿಯ ಮಳೆ ಬಿದ್ದು ಹೋದಂತೆ, ಅವರ ಮುಖದ ತುಂಬ ಕುಳಿಗಳಿದ್ದವು. ಪಟದಲ್ಲಿ ಒಂದು ಕುಳಿಯೂ ಇಲ್ಲ.

ಪಟ ತೆಗೆಸಿದ ದಿನದ ಕಥೆಯನ್ನು ಚಿಕ್ಕಮ್ಮ ಹೇಳುತ್ತಿದ್ದರು. ತಾಯಿಯ ಮುಖ ಚೆನ್ನಾಗಿ ಬರಲೆಂದು ಅವರು ಹೊರಡುವ ಮುನ್ನ ಧಾರಾಳವಾಗಿ ಪೌಡರು ಬಳಿದಿದ್ದರಂತೆ. ಪೌಡರು ಕುಳಿಗಳಲ್ಲಿ ಹೋಗಿ ಕೂತು, ಸುಣ್ಣ ಅರೆಬರೆ ಹತ್ತಿದ ಗೋಡೆಯ ಹಾಗಾಗಿತ್ತು. ಸ್ಟುಡಿಯೋದವರು ನೋಡಿ, "ಮುಖ ತೊಳೆದುಕೊಂಡು ಬನ್ನಿ ಅಮ್ಮಾ. ಬಿಳಿ ಬಳಿದಷ್ಟೂ ಕುಳಿ ಎದ್ದು ಕಾಣುತ್ತೆ. ಉಳಿದದ್ದು ನನಗೆ ಬಿಡಿ" ಎಂದರಂತೆ. ಆತ ಹೇಳಿದ್ದು ಸರಿ. ಕುಳಿ ಎಂಬುದು ಬಣ್ಣದ ದೋಷವಲ್ಲ, ನೆರಳು. ನೆರಳಿಗೆ ಬಿಳುಪು ಬಳಿದು ಉಪಯೋಗವಿಲ್ಲ. ಆತ ನೆಗೆಟಿವಿನ ಮೇಲೆ ಚೂಪು ಮಾಡಿದ ಪೆನ್ಸಿಲಿನಿಂದ ಒಂದೊಂದೇ ನೆರಳನ್ನು ತುಂಬಿ ಅಳಿಸಿದ. "ಟಚಿಂಗ್" ಎಂದು ಆ ಕೆಲಸಕ್ಕೆ ಹೆಸರು. ಅದರ ಕೂಲಿ ಬೇರೆ. ಪಟ ಮನೆಗೆ ಬಂದಾಗ ಅಜ್ಜಿ ಬಹಳ ಹೊತ್ತು ನೋಡಿ, "ಇವಳು ಯಾರೇ?" ಎಂದು ಕೇಳಿದರಂತೆ.

ಆ ಪ್ರಶ್ನೆಯ ಹಿಂದೆ ಇದ್ದ ನೋವು ನನಗೆ ತಿಳಿದದ್ದು ತಡವಾಗಿ. ಸಿಡುಬು ಬರುವ ಮೊದಲು ಅಜ್ಜಿಗೆ ಒಂದು ಕಡೆ ಸಂಬಂಧದ ಮಾತಾಗಿತ್ತು. ಬೇನೆ ಇಳಿದ ಮೇಲೆ ಆ ಮನೆಯವರು ಸುದ್ದಿಯೆತ್ತಲಿಲ್ಲ. ಕೊನೆಗೆ ಹೆಂಡತಿ ಸತ್ತಿದ್ದ ನಮ್ಮ ತಾತನಿಗೆ ಎರಡನೆಯವರಾಗಿ ಬಂದರು. ತಾತ ಒಳ್ಳೆಯವರು, ಅದು ಬೇರೆ ಮಾತು.

ಯೂರೋಪಿನ ಹಳೆಯ ಚಿತ್ರಗಳ ಪುಸ್ತಕ ತಿರುವುವಾಗಲೆಲ್ಲ ನನಗೆ ಆ ಸ್ಟುಡಿಯೋ ನೆನಪಾಗುತ್ತದೆ. ತಾನೇ 1723ರಲ್ಲಿ ಸಿಡುಬಿನಿಂದ ಪಾರಾಗಿದ್ದ ವಾಲ್ಟೇರ್, ಅದಾದ ಹತ್ತು ವರ್ಷಕ್ಕೆ ಒಂದು ಲೆಕ್ಕ ಕೊಟ್ಟ: ನೂರು ಜನರಲ್ಲಿ ಅರವತ್ತು ಮಂದಿಗಾದರೂ ಸಿಡುಬು ಬರುತ್ತದೆ; ಅವರಲ್ಲಿ ಇಪ್ಪತ್ತು ಮಂದಿ ಸಾಯುತ್ತಾರೆ, ಇಪ್ಪತ್ತು ಮಂದಿ ಸಾಯುವವರೆಗೂ ಕಲೆ ಹೊತ್ತಿರುತ್ತಾರೆ. ಹಾಗಾದರೆ ಐದು ಮುಖಕ್ಕೊಂದು ಕಲೆಯ ಮುಖವಾಯಿತು. ಆ ಕಾಲದ ದೊರೆಸಾನಿಯರ ಚಿತ್ರಗಳಲ್ಲಿ ಅಂಥ ಮುಖವನ್ನು ಹುಡುಕಿ ನೋಡಿ! ಎಲ್ಲರದೂ ಬೆಣ್ಣೆಯ ಕೆನ್ನೆ. ಕಲೆಗಾರನ ಕುಂಚ ಬಟ್ಟೆಯ ಮೇಲೆ ಮಾಡಿದ ಕೆಲಸವನ್ನು ಆ ಹೆಂಗಸರು ದಿನವೂ ಕನ್ನಡಿಯ ಮುಂದೆ ಕೂತು ತಾವೇ ಮಾಡಿಕೊಳ್ಳಬೇಕಾಗಿದ್ದಿತು. ಇಬ್ಬರೂ ಬಳಸುತ್ತಿದ್ದ ಬಣ್ಣವೂ ಒಂದೇ: ಬಿಳಿ ಸೀಸ.

ಅದನ್ನು ತಯಾರಿಸುವ ಬಗೆ ಹೀಗೆ. ಮಣ್ಣಿನ ಗಡಿಗೆಯ ತಳದಲ್ಲಿ ವಿನಿಗರ್ ಹಾಕಿ, ಅದರ ಮೇಲೆ ಸೀಸದ ತೆಳು ತಗಡುಗಳನ್ನಿಟ್ಟು, ಗಡಿಗೆಗಳನ್ನು ಕುದುರೆ ಲದ್ದಿಯ ತಿಪ್ಪೆಯಲ್ಲಿ ವಾರಗಟ್ಟಲೆ ಹೂಳಿಡುವುದು. ವಿನಿಗರಿನ ಆವಿ, ಲದ್ದಿಯ ಬಿಸಿ, ಅದರಿಂದೇಳುವ ಅನಿಲ ಇವೆಲ್ಲ ಸೇರಿ ತಗಡಿನ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ಅದನ್ನು ಕೆರೆದು, ತೊಳೆದು, ಅರೆದರೆ ಮುಖಕ್ಕೆ ಬೇಕಾದ ಬಿಳುಪು ಸಿದ್ಧ. ಗ್ರೀಕರೂ ರೋಮನರೂ ಇದನ್ನು ಬಲ್ಲರು. ಒಂದು ಸಾರಿ ಬಳಿದರೆ ಕೆಳಗಿನದೊಂದೂ ಕಾಣದಂತೆ ಮುಚ್ಚುವ ಗುಣ ಸೀಸಕ್ಕಿತ್ತು. ಅದೇ ಅದರ ಆಕರ್ಷಣೆ. ಮೇಲೆ ಮೊಟ್ಟೆಯ ಬಿಳಿಯನ್ನು ಸವರಿ ಹೊಳಪು ಕೊಡುವುದೂ ಉಂಟು. ಹೊಳಪು ಬಂದ ಮೇಲೆ ನಗುವ ಹಾಗಿಲ್ಲ, ಬಿರುಕು ಬಿಡುತ್ತದೆ.

ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ರಾಣಿಗೆ 1562ರ ಅಕ್ಟೋಬರಿನಲ್ಲಿ ಸಿಡುಬು ಬಂದಿತು. ಆಮೇಲೆ ಆಕೆ ಮುಖದ ತುಂಬ ಸೀಸ ಬಳಿಯುತ್ತಿದ್ದಳೆಂದು ಜನ ಹೇಳುತ್ತಾರೆ. ಆ ಮಾತಿಗೆ ಆಧಾರ ಬಹಳ ತೆಳುವು. ನನಗೆ ರಾಣಿಗಿಂತ ಹೆಚ್ಚಾಗಿ ನೆನಪಾಗುವವಳು ಅವಳ ಹಾಸಿಗೆಯ ಪಕ್ಕದಲ್ಲಿ ಕೂತು ಶುಶ್ರೂಷೆ ಮಾಡಿದ ಮೇರಿ ಸಿಡ್ನಿ. ರಾಣಿ ಎದ್ದಳು; ಬೇನೆ ಇವಳಿಗೆ ತಗುಲಿ ಮುಖವನ್ನು ಕೆಡಿಸಿತು. ಪರದೇಶಕ್ಕೆ ಹೋಗಿದ್ದ ಗಂಡ, ತಾನು ಬಿಟ್ಟು ಹೋದಾಗ ಚೆಲುವೆಯಾಗಿದ್ದವಳು ಮರಳಿದಾಗ ಏನಾಗಿದ್ದಳೆಂಬುದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. ಓದಲು ಸಂಕಟವಾಗುತ್ತದೆ.

ಬಿಳಿ ಸೀಸದ ಕೆಡುಕು ಆಗಿನವರಿಗೆ ತಿಳಿಯದ್ದೇನಲ್ಲ. ಲೊಮಾಟ್ಸೊ ಎಂಬ ಇಟಲಿಯ ಕಲೆಗಾರನ ಗ್ರಂಥ 1598ರಲ್ಲಿ ಇಂಗ್ಲಿಷಿಗೆ ಬಂದಿತು; ಇದನ್ನು ಹಚ್ಚುವ ಹೆಂಗಸರು ಬೇಗ ಒಣಗಿ ಸುಕ್ಕಾಗುತ್ತಾರೆ, ಕೂದಲು ನರೆಯುತ್ತದೆ ಎಂದು ಅದರಲ್ಲಿ ಎಚ್ಚರಿಕೆಯಿದೆ. ಬಣ್ಣದ ಗುಣವನ್ನು ಬಣ್ಣದವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಹೇಳಿದರೂ ಕೇಳಿದವರು ಕಡಿಮೆ. ಮಚ್ಚೆ ಕಲೆಗಳು ಹೋಗಲೆಂದು ಪಾದರಸದ ಲವಣಗಳನ್ನು ಹಚ್ಚಿ ಚರ್ಮವನ್ನೇ ಸುಲಿಸಿಕೊಳ್ಳುವವರೂ ಇದ್ದರು.

ಕಲೆಯನ್ನು ಮುಚ್ಚಲು ಇನ್ನೊಂದು ಉಪಾಯವಿತ್ತು: ಕಪ್ಪು ರೇಷ್ಮೆ ಅಥವಾ ಮಕಮಲ್ಲಿನ ತುಣುಕನ್ನು ಚಂದ್ರ, ನಕ್ಷತ್ರಗಳ ಆಕಾರಕ್ಕೆ ಕತ್ತರಿಸಿ, ಅಂಟು ಹಚ್ಚಿ ಮುಖಕ್ಕೆ ಮೆತ್ತುವುದು. ಫ್ರೆಂಚರು ಅದನ್ನು ನೊಣವೆಂದು ಕರೆದರು. ಲಂಡನ್ನಿನ ಸ್ಯಾಮ್ಯುಯಲ್ ಪೀಪ್ಸ್ 1660ರ ಆಗಸ್ಟ್ 30ರಂದು, ಮದುವೆಯಾದ ಮೇಲೆ ಹೆಂಡತಿ ಕಪ್ಪು ಬೊಟ್ಟು ಹಚ್ಚಿದ್ದನ್ನು ಅಂದೇ ಮೊದಲು ಕಂಡೆನೆಂದು ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಅದಕ್ಕೆ ಹತ್ತು ವರ್ಷ ಮುಂಚೆ ಇಂಥ ಅಲಂಕಾರವನ್ನು ನಿಷೇಧಿಸುವ ಮಸೂದೆಯೊಂದು ಪಾರ್ಲಿಮೆಂಟಿನ ಮುಂದೆ ಬಂದು ಅಲ್ಲಿಗೇ ನಿಂತಿತ್ತು. ಬರಬರುತ್ತ ಮುಚ್ಚುವ ವಸ್ತು ತೋರಿಸುವ ವಸ್ತುವಾಯಿತು. 1711ರ ಹೊತ್ತಿಗೆ ಎರಡು ರಾಜಕೀಯ ಪಕ್ಷಗಳ ಹೆಂಗಸರು ಹಣೆಯ ಎದುರುಬದುರು ಬದಿಗಳಿಗೆ ಬೊಟ್ಟು ಅಂಟಿಸಿಕೊಂಡು ನಾಟಕಶಾಲೆಯಲ್ಲಿ ಕೂರುತ್ತಿದ್ದರೆಂದು ಅಡಿಸನ್ 'ಸ್ಪೆಕ್ಟೇಟರ್' ಪತ್ರಿಕೆಯಲ್ಲಿ ಹಾಸ್ಯ ಮಾಡಿದ. ಒಬ್ಬಾಕೆಗೆ ಹುಟ್ಟುಮಚ್ಚೆಯೇ ವಿರೋಧಪಕ್ಷದ ಬದಿಯಲ್ಲಿತ್ತಂತೆ, ಪಾಪ.

ಹಾಸ್ಯ ಅಲ್ಲಿಗೆ ಸಾಕು. ನಾನು ಹೇಳಹೊರಟ ಹೆಂಗಸು ಮೇರಿ ವರ್ಟ್ಲಿ ಮಾಂಟಗು. ಆಕೆ ರೂಪವತಿ, ಬುದ್ಧಿವಂತೆ, ಮಾತುಗಾರ್ತಿ. 1713ರಲ್ಲಿ ಸಿಡುಬು ಆಕೆಯ ತಮ್ಮನನ್ನು ಕೊಂದಿತು. 1715ರ ಡಿಸೆಂಬರಿನಲ್ಲಿ ಆಕೆಗೇ ಬಂದಿತು. ಜೀವ ಉಳಿಯಿತು. ಕೆನ್ನೆಯ ನುಣುಪೂ ರೆಪ್ಪೆಯ ಕೂದಲೂ ಹೋದವು. ಮರುವರ್ಷ ಗಂಡನಿಗೆ ತುರ್ಕಿಯಲ್ಲಿ ರಾಯಭಾರಿಯ ಕೆಲಸವಾಗಿ, ಆಕೆಯೂ ಜೊತೆಗೆ ಹೊರಟಳು.

ಅಲ್ಲಿಂದ 1717ರಲ್ಲಿ ಆಕೆ ಬರೆದ ಎರಡು ಕಾಗದಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಜೂನ್ ತಿಂಗಳ ಕಾಗದ ಸೌಂದರ್ಯದ ಔಷಧಿಯದು. ಮೆಕ್ಕಾದ ಸುಗಂಧತೈಲವೆಂಬ ದುಬಾರಿ ವಸ್ತು ಆಕೆಗೆ ದೊರೆಯಿತು. ಬಹಳ ಆಸೆಯಿಂದ ರಾತ್ರಿ ಹಚ್ಚಿಕೊಂಡು ಮಲಗಿದಳು. ಬೆಳಗಾಗುವಷ್ಟರಲ್ಲಿ ಮುಖ ಕೆಂಪಗೆ ಊದಿಕೊಂಡಿತ್ತು. ಮೂರು ದಿನ ಇಳಿಯಲಿಲ್ಲ. ಸಾಲದ್ದಕ್ಕೆ ಗಂಡನ ಬೈಗುಳ. ಊತ ಇಳಿದ ಮೇಲೆ ಮುಖಕಾಂತಿ ಹೆಚ್ಚಿದೆಯೆಂದು ಸುತ್ತಲಿನವರು ಹೇಳಿದರೂ ತನ್ನ ಕನ್ನಡಿಯಲ್ಲಿ ಮಾತ್ರ ಅದು ಕಾಣಲಿಲ್ಲವೆಂದು ಬರೆದಳು.

ಇನ್ನೊಂದು ಕಾಗದ ಏಪ್ರಿಲ್ 1ರದು, ಸಾರಾ ಚಿಸ್ವೆಲ್ ಎಂಬ ಗೆಳತಿಗೆ. ಅಲ್ಲಿಯ ಮುದುಕಿಯರು ಸೆಪ್ಟೆಂಬರಿನಲ್ಲಿ ಸಿಡುಬಿನ ಕೀವನ್ನು ಕಾಯಿಯ ಚಿಪ್ಪಿನಲ್ಲಿ ತಂದು, ಸೂಜಿಯ ಮೊನೆಯಿಂದ ಮಕ್ಕಳ ರಕ್ತನಾಳಕ್ಕೆ ಇಡುತ್ತಾರೆ. ಕೆಲವು ದಿನ ಜ್ವರ ಬರುತ್ತದೆ. ಮುಖದಲ್ಲಿ ಇಪ್ಪತ್ತೋ ಮೂವತ್ತೋ ಗುಳ್ಳೆಯೆದ್ದರೂ ಗುರುತು ಉಳಿಯುವುದಿಲ್ಲ. ಎಂಟು ದಿನಕ್ಕೆ ಮೊದಲಿನಂತಾಗುತ್ತಾರೆ. ಗುರುತು ಉಳಿಯುವುದಿಲ್ಲ ಎಂದು ಬರೆಯುವಾಗ ಆ ಕೈ ಒಂದು ಕ್ಷಣ ನಿಂತಿರಬೇಕೆಂದು ನಾನು ಊಹಿಸುತ್ತೇನೆ. ಮರುವರ್ಷ ಆಕೆ ಮಗನಿಗೆ ಅದನ್ನು ಮಾಡಿಸಿದಳು. 1721ರಲ್ಲಿ ಲಂಡನ್ನಿನಲ್ಲಿ, ವೈದ್ಯರ ಕಣ್ಣೆದುರಿಗೆ, ಮೂರು ವರ್ಷದ ಮಗಳಿಗೆ ಮಾಡಿಸಿದಳು. ಇಂಗ್ಲೆಂಡಿನಲ್ಲಿ ಆ ಪದ್ಧತಿ ಹಬ್ಬಿದ್ದು ಹೀಗೆ. ಕಾಗದ ಪಡೆದ ಗೆಳತಿ ಸಾರಾ 1726ರಲ್ಲಿ ಸಿಡುಬಿನಿಂದಲೇ ತೀರಿಕೊಂಡಳು.

ಇಷ್ಟು ಮಾಡಿದವಳು ತನ್ನ ಮುಖದ ಕಲೆಯನ್ನು ಮರೆತು ನೆಮ್ಮದಿಯಾಗಿದ್ದಳೇ? 1740ರಲ್ಲಿ ಫ್ಲಾರೆನ್ಸಿನಲ್ಲಿ ಆಕೆಯನ್ನು ಕಂಡ ಹೊರೇಸ್ ವಾಲ್ಪೋಲ್ ಎಂಬ ಇಪ್ಪತ್ತಮೂರರ ತರುಣ ಸ್ನೇಹಿತನಿಗೆ ಬರೆದ: ಮುಖದ ಒಂದು ಭಾಗ ಪ್ಲಾಸ್ಟರಿನಲ್ಲಿ ಮುಚ್ಚಿದೆ, ಒಂದು ಭಾಗ ಬಿಳಿ ಬಣ್ಣದಲ್ಲಿ, ಅದೂ ಹೊಗೆಗೂಡಿಗೆ ಬಳಿಯಲೂ ಲಾಯಕ್ಕಿಲ್ಲದಷ್ಟು ಅಗ್ಗದ ಒರಟು ಬಣ್ಣ. ನನಗೆ ಆ ತರುಣನ ಮೇಲೆ ಇಂದಿಗೂ ಸಿಟ್ಟಿದೆ. ಐವತ್ತೊಂದು ವರ್ಷದ ಹೆಂಗಸು. ಬೇರೆಯವರ ಮಕ್ಕಳ ಕೆನ್ನೆ ಉಳಿಸಿದವಳು. ತಾನು ಮಾತ್ರ ಸೀಸದ ಡಬ್ಬಿಯಿಂದ ಬಿಡಿಸಿಕೊಳ್ಳಲಾಗಲಿಲ್ಲ. ಇದೇ ವಾಲ್ಪೋಲನೇ ಕವೆಂಟ್ರಿಯ ಕೌಂಟೆಸ್ ಮರಿಯಾಳ ಕಥೆಯನ್ನೂ ಹೇಳುತ್ತಾನೆ: ಪ್ಯಾರಿಸಿನ ಔತಣದಲ್ಲಿ ಗಂಡ ಎಲ್ಲರೆದುರು ಅವಳನ್ನು ಹಿಡಿದು ಮುಖದ ಬಣ್ಣವನ್ನು ಕೈವಸ್ತ್ರದಿಂದ ಒರೆಸಿದನಂತೆ. ಹೆಸರಾಂತ ಸುಂದರಿಯಾಗಿದ್ದ ಆಕೆ 1760ರಲ್ಲಿ ಮೂವತ್ತು ತುಂಬುವ ಮೊದಲೇ ಸತ್ತಳು. ಸೀಸವೇ ಕೊಂದಿತೆಂದು ಜನ ನಂಬಿದರು; ಕ್ಷಯವಿತ್ತೆಂಬ ಮಾತೂ ಇದೆ.

ಮಾಂಟಗು ತಂದ ಪದ್ಧತಿಯಲ್ಲಿ ಅಪಾಯವಿತ್ತು. ಇಡುತ್ತಿದ್ದುದು ನಿಜವಾದ ಸಿಡುಬನ್ನೇ. 1796ರ ಮೇ 14ರಂದು ಎಡ್ವರ್ಡ್ ಜೆನ್ನರ್ ಹಾಲು ಕರೆಯುವ ಹುಡುಗಿಯ ಕೈಯ ಗೋಸಿಡುಬಿನ ಕೀವನ್ನು ಎಂಟು ವರ್ಷದ ಹುಡುಗನಿಗೆ ಇಟ್ಟು ಆ ಅಪಾಯವನ್ನು ತಪ್ಪಿಸಿದ. ತೋಳಿನಿಂದ ತೋಳಿಗೆ ದಾಟುತ್ತ ಆ ಲಸಿಕೆ ಬಾಗ್ದಾದು, ಬಸ್ರಾಗಳ ಮಾರ್ಗವಾಗಿ ಮುಂಬಯಿಗೆ ಬಂದು, 1802ರ ಜೂನ್ 14ರಂದು ಅಲ್ಲಿ ಮೂರು ವರ್ಷದ ಮಗುವೊಂದಕ್ಕೆ ಹತ್ತಿತು. ಮೂರೇ ವರ್ಷದಲ್ಲಿ ಅದು ಮೈಸೂರಿನ ಅರಮನೆಯ ಒಳಗಿತ್ತು.

ಇದಕ್ಕೆ ಸಾಕ್ಷಿಯಾಗಿ ಒಂದು ವರ್ಣಚಿತ್ರವಿದೆ. ಥಾಮಸ್ ಹಿಕಿ ಎಂಬ ಐರಿಷ್ ಕಲೆಗಾರ ಸುಮಾರು 1805ರಲ್ಲಿ ಬರೆದದ್ದು. ಆಭರಣ ತೊಟ್ಟ ಮೂವರು ಸ್ತ್ರೀಯರು ಅದರಲ್ಲಿದ್ದಾರೆ. ನರ್ತಕಿಯರೆಂದೇ ಬಹುಕಾಲ ತಿಳಿದಿದ್ದರು. ಅಲ್ಲ, ಇಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು ಎಂದು ವಾದಿಸಿದವರು ಇತಿಹಾಸಕಾರ ನೈಜೆಲ್ ಚಾನ್ಸೆಲರ್. ಬಲಗಡೆಯ ಕಿರಿಯ ರಾಣಿ ದೇವಾಜಮ್ಮಣ್ಣಿ ಸೆರಗನ್ನು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾರೆಂದೂ, ಎಡಗಡೆಯವರ ಮೂಗಿನ ಕೆಳಗೆ ಬಾಯಿಯ ಸುತ್ತ ಕಾಣುವ ಬಣ್ಣಗೆಟ್ಟ ಚರ್ಮ ಹಳೆಯ ಪದ್ಧತಿಯಂತೆ ಸಿಡುಬನ್ನೇ ಇಡಿಸಿಕೊಂಡದ್ದರ ಗುರುತೆಂದೂ ಅವರ ಅಭಿಪ್ರಾಯ. ಹೊಸ ಲಸಿಕೆಗೆ ಅಂಜುತ್ತಿದ್ದ ಪ್ರಜೆಗಳಿಗೆ ಧೈರ್ಯ ಬರಲೆಂದು ಈ ಚಿತ್ರ ಬರೆಸಿರಬೇಕಂತೆ. ಈ ಊಹೆ ಸರಿಯಾದರೆ, ಯೂರೋಪಿನ ಕಲೆಗಾರನೊಬ್ಬ ರಾಣಿಯ ಮುಖದ ಕಲೆಯನ್ನು ಅಳಿಸದೆ ಬರೆದ ಚಿತ್ರ ನಮ್ಮ ಮೈಸೂರಿನದು.

ಉಳಿದ ಕಥೆ ಚಿಕ್ಕದು. ಪೌಡರಿನ ಡಬ್ಬಿಯಲ್ಲಿ ಸೀಸದ ಜಾಗಕ್ಕೆ ಮೊದಲು ಸತುವಿನ ಭಸ್ಮವೂ ಆಮೇಲೆ ಟೈಟೇನಿಯಂ ಭಸ್ಮವೂ ಬಂದವು. ನಮ್ಮ ದೇಶದ ಕೊನೆಯ ಸಿಡುಬಿನ ರೋಗಿ ಕಂಡದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ಬೇನೆ ಪ್ರಪಂಚದಿಂದಲೇ ಹೋಯಿತೆಂದು ಘೋಷಿಸಿದರು. ಇಂದಿನ ಹುಡುಗಿಯರು ಮೊಡವೆಯ ಕಲೆಯೊಂದಕ್ಕೆ ಅರ್ಧ ಗಂಟೆ ಕನ್ನಡಿಯ ಮುಂದೆ ನಿಂತರೆ ನಾನು ನಗುವುದಿಲ್ಲ.

ನನ್ನ ಚಿಕ್ಕಂದಿನಲ್ಲಿ ಲಸಿಕೆ ಹಾಕುವವರು ಬೀದಿಗೆ ಬಂದರೆಂದರೆ ತಾಯಂದಿರು ಮಕ್ಕಳನ್ನು ಅಟ್ಟದ ಮೇಲೆ ಅಡಗಿಸುತ್ತಿದ್ದರು. ಜ್ವರ ಬರುತ್ತದೆ, ತೋಳು ಬಾಯುತ್ತದೆ, ಹೆಣ್ಣುಮಕ್ಕಳ ತೋಳಿನ ಮೇಲೆ ಕಲೆ ನಿಂತುಬಿಡುತ್ತದೆ ಎಂದು ಅವರ ಅಂಜಿಕೆ. ನನ್ನನ್ನೂ ತಂಗಿಯನ್ನೂ ಅಮ್ಮ ಹಾಗೆಯೇ ಅಡಗಿಸಿದ್ದಳು. ಅಜ್ಜಿ ಏಣಿ ಹತ್ತಿ ಬಂದು, ಇಬ್ಬರ ಕೈಯನ್ನೂ ಹಿಡಿದು ಜಗಲಿಗೆ ಎಳೆದುಕೊಂಡು ಹೋದರು. ಆತ ಮುಳ್ಳುಚಕ್ರದಂಥ ಸಲಕರಣೆಯನ್ನು ದೀಪದಲ್ಲಿ ಕಾಯಿಸುತ್ತ, "ಹುಡುಗಿಗೆ ಸಣ್ಣದಾಗಿ ಹಾಕಲೇ ಅಜ್ಜಿ? ಕಲೆ ಕಾಣಬಾರದಲ್ಲ" ಎಂದ.

"ಎಷ್ಟು ದೊಡ್ಡ ಕಲೆಯಾದರೂ ಆಗಲಿ, ಗಟ್ಟಿಯಾಗಿ ಹಾಕಪ್ಪ" ಎಂದರು ಅಜ್ಜಿ, ತಂಗಿಯ ತೋಳನ್ನು ಬಿಡದೆ ಹಿಡಿದುಕೊಂಡು.