ಹಗೇವು, ಕ್ಯಾಸೆಟ್, ಡಿಸ್ಕ್: ವಿಡಿಯೊ ಕೂಡಿಟ್ಟ ಕಥೆ

ನಮ್ಮ ರೋಣ, ನರಗುಂದ ಸೀಮೆಯಲ್ಲಿ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಬೆಳೆ ಹೆಚ್ಚು ಬಂದರೆ ಇನ್ನೊಂದು ಹಗೇವು. ಒಂದಕ್ಕೆ ನೀರು ಹೊಕ್ಕರೂ ಇನ್ನೊಂದರ ಕಾಳು ಉಳಿಯುತ್ತಿತ್ತು. ಮನೆಯಲ್ಲಿ ವಿಡಿಯೊ ಕೂಡಿಡುವ ಚರಿತ್ರೆಯಲ್ಲಿ ನಾವು ಮರೆತದ್ದು ಇದೇ ಲೆಕ್ಕ.

ಜಪಾನಿನ ಜೆವಿಸಿ ಕಂಪನಿ 1976ರಲ್ಲಿ ವಿಎಚ್‌ಎಸ್ ಕ್ಯಾಸೆಟ್ ತಂದಿತು. ನಮ್ಮ ಮನೆತನಕ್ಕೆ ಅದು ಬಂದದ್ದು ಮದುವೆಗಳ ಮೂಲಕ. ಮೂರು ತಾಸಿನ ಕ್ಯಾಸೆಟ್ ತುಂಬಿದರೆ ಇನ್ನೊಂದು ತಂದರಾಯಿತು. 2009ರ ಸೆಪ್ಟೆಂಬರ್ ಕೊನೆಗೆ ಮಲಪ್ರಭೆ, ಬೆಣ್ಣೆಹಳ್ಳ ಉಕ್ಕಿದಾಗ ಹೊಳೆದಂಡೆಯ ಅತ್ತೆಯ ಮನೆಯಲ್ಲಿ ಟ್ರಂಕಿನೊಳಗಿನ ಕ್ಯಾಸೆಟ್‌ಗಳೆಲ್ಲ ರಾಡಿಯಾದವು. ಅಟ್ಟದ ಮೇಲಿದ್ದ ಎರಡು ಉಳಿದವು.

ಡಿಸ್ಕಿನ ಕಥೆ ಇನ್ನೂ ಹಳೆಯದು. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 50 ತಟ್ಟೆಗಳಿದ್ದರೂ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ ಮಾತ್ರ. ಟಿವಿ ಕಾರ್ಯಕ್ರಮವನ್ನು ಡಿಸ್ಕಿಗೆ ಇಳಿಸಿಕೊಳ್ಳುವ ಟಿವೊ, ರಿಪ್ಲೇಟಿವಿ ಪೆಟ್ಟಿಗೆಗಳು ಅಮೆರಿಕದ ಮನೆಗಳಿಗೆ ಬಂದದ್ದು 1999ರಲ್ಲಿ. ಡಿಸ್ಕ್ ತುಂಬಿದರೆ ಹಳೆಯದನ್ನು ಅಳಿಸಬೇಕು, ಇಲ್ಲವೇ ಡಿಸ್ಕ್ ಹೆಚ್ಚಿಸಬೇಕು. ಹೆಚ್ಚಿಸುವ ದಾರಿ ಆಗಲೇ ಇತ್ತು. 1998ರಲ್ಲಿ ಹೈನ್ಜ್ ಮಾವೆಲ್ಸ್‌ಹಾಗನ್ ಲಿನಕ್ಸ್‌ಗೆ ಎಲ್‌ವಿಎಂ ಎಂಬ ಸಾಧನ ಬರೆದಿದ್ದರು. ಅದು ಎರಡು-ಮೂರು ಡಿಸ್ಕ್‌ಗಳನ್ನು ಬೆಸೆದು ಒಂದೇ ದೊಡ್ಡ ಡಿಸ್ಕಿನಂತೆ ತೋರಿಸುತ್ತದೆ. ಜಾಗ ಸಾಲದಿದ್ದರೆ ಇನ್ನೊಂದು ಸೇರಿಸಬಹುದು.

ನಾನೂ ಅದನ್ನೇ ಮಾಡಿದೆ. 2015ರ ಜುಲೈನಲ್ಲಿ ನರಗುಂದದಲ್ಲಿ ಮಹದಾಯಿ ಧರಣಿ ಶುರುವಾದಾಗ ನಾನು ಸುದ್ದಿ ಕಳಿಸುತ್ತಿದ್ದೆ. ಪ್ರಸಾರವಾದದ್ದನ್ನು ಗಜೇಂದ್ರಗಡದ ಮನೆಯಲ್ಲಿ ಹಳೇ ಕಂಪ್ಯೂಟರಿಗೆ ಟ್ಯೂನರ್ ಕಾರ್ಡ್ ಹಾಕಿ ಇಳಿಸಿಕೊಳ್ಳುತ್ತಿದ್ದೆ. ತಾಸಿಗೆ ಸುಮಾರು 2 ಜಿಬಿ ಹಿಡಿದರೆ 500 ಜಿಬಿ ಡಿಸ್ಕಿಗೆ 250 ತಾಸು. ಅದು ತುಂಬಿತು. ಇನ್ನೊಂದು ತಂದು ಬೆಸೆದೆ. ಒಂದು ಬೇಸಿಗೆಯಲ್ಲಿ ಹಳೇ ಡಿಸ್ಕ್ ಟಕ್ ಟಕ್ ಎಂದು ನಿಂತುಹೋಯಿತು. ಹೊಸದು ಗಟ್ಟಿಯಾಗಿಯೇ ಇತ್ತು, ಆದರೆ ಅದರಲ್ಲಿದ್ದದ್ದೂ ತೆರೆಯಲಿಲ್ಲ. ಯಾವ ಕಡತ ಎಲ್ಲಿದೆ ಎಂಬ ಪಟ್ಟಿ ಎರಡಕ್ಕೂ ಸೇರಿ ಒಂದೇ. ಅದರ ಅರ್ಧ ಹೋದರೆ ಉಳಿದರ್ಧವನ್ನು ಓದಿಸುವುದು ಬಲು ಕಷ್ಟ. ಧರಣಿ ಚಪ್ಪರದಲ್ಲಿ ಹಸಿರು ಶಾಲು ಹೊದ್ದು ಕೂತಿದ್ದ ಅಪ್ಪನ ದೃಶ್ಯವೂ ಅದರೊಳಗೇ ಇತ್ತು. ಅಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು.

ಉಪಾಯಗಳು ಇರಲಿಲ್ಲವೆಂದಲ್ಲ. 1988ರಲ್ಲೇ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ತಮ್ಮ 'ರೇಡ್' ಪ್ರಬಂಧದಲ್ಲಿ ಒಂದು ಡಿಸ್ಕ್ ಸತ್ತರೂ ಮಾಹಿತಿ ಉಳಿಸುವ ಬಗೆಗಳನ್ನು ವಿವರಿಸಿದ್ದರು. ಮನೆಯಲ್ಲಿ ಟಿವಿ ರೆಕಾರ್ಡ್ ಮಾಡುವ ಉಚಿತ ತಂತ್ರಾಂಶ ಮಿಥ್‌ಟಿವಿ 2008ರಲ್ಲಿ ಡಿಸ್ಕ್‌ಗಳನ್ನು ಬೆಸೆಯದೆ, ರೆಕಾರ್ಡಿಂಗ್‌ಗಳನ್ನು ಬೇರೆ ಬೇರೆ ಡಿಸ್ಕಿಗೆ ಹಂಚುವ ವ್ಯವಸ್ಥೆ ತಂದಿತು. ಒಂದು ಕೆಟ್ಟರೆ ಹೋಗುವುದು ಅದರಲ್ಲಿದ್ದದ್ದು ಮಾತ್ರ. ಇದು ನಮ್ಮ ಹಗೇವಿನ ಲೆಕ್ಕವೇ.

ಈಗ ನಾನು ಡಿಸ್ಕ್ ಬೆಸೆಯುವುದಿಲ್ಲ. ಬೇಕಾದ್ದರ ಇನ್ನೊಂದು ಪ್ರತಿ ರೋಣದ ಅಕ್ಕನ ಮನೆಯಲ್ಲಿರುತ್ತದೆ. ಸಿಡಿಲು ಬಡಿದರೆ, ಕಳವಾದರೆ ಒಂದೇ ಮನೆಯ ಎರಡು ಡಿಸ್ಕೂ ಕೂಡಿಯೇ ಹೋಗುತ್ತವೆ. ಅತ್ತೆಯ ಅಟ್ಟದಲ್ಲಿ ಉಳಿದ ಕ್ಯಾಸೆಟ್ಟಿನಲ್ಲಿ ಅಪ್ಪ ಮದುವೆ ಪಂಕ್ತಿಗೆ ಬುಂದಿ ಬಡಿಸುವ ಅರ್ಧ ನಿಮಿಷವಿದೆ. ಮೊದಲು ಎರಡು ಪ್ರತಿ ಮಾಡಿಸಿದ್ದು ಅದನ್ನೇ.