ಬೀದಿಯ ತಿನಿಸೂ ನಲ್ಲಿಯ ನೀರೂ: ಸಿಂಗಪುರದ ಒಂದು ಚರಿತ್ರೆ

(ಕನ್ನಡ ಕೂಟದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ರಜೆಯ ದಿನಗಳು ಹತ್ತಿರವಾದಂತೆ ವೈದ್ಯನಾದ ನನ್ನನ್ನು ಹಲವರು ಕೇಳುವ ಪ್ರಶ್ನೆಯೊಂದಿದೆ: “ಡಾಕ್ಟರೇ, ಊರಿಗೆ ಹೋಗುವ ದಾರಿಯಲ್ಲಿ ಎರಡು ದಿನ ಸಿಂಗಪುರದಲ್ಲಿ ಇಳಿಯುತ್ತೇವೆ. ಅಲ್ಲಿ ಬೀದಿಯ ತಿನಿಸು ತಿನ್ನಬಹುದೆ? ಊರಿನಲ್ಲಿ ತಿನ್ನಬಹುದೆ?” ಇದಕ್ಕೆ ಹೌದು ಅಥವಾ ಬೇಡ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದಕ್ಕಿಂತ, ಸಿಂಗಪುರದ ಬೀದಿಯೂಟದ ಚರಿತ್ರೆಯನ್ನು ತಮ್ಮ ಮುಂದಿಡುವುದು ಲೇಸೆಂದು ನನ್ನ ಭಾವನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಬಂದರಾಗಿ ಬೆಳೆದ ಆ ಊರಿಗೆ ಚೀನಾ, ಭಾರತ ಮತ್ತು ಮಲಯ ದ್ವೀಪಗಳಿಂದ ದುಡಿಮೆಗಾಗಿ ಬಂದವರಲ್ಲಿ ಒಂಟಿ ಗಂಡಸರೇ ಹೆಚ್ಚು. ಅಡುಗೆಮನೆಯಿಲ್ಲದ ಅವರ ಹಸಿವನ್ನು ತಣಿಸಿದವರು ಹೆಗಲ ಮೇಲೆ ಅಡ್ಡೆ ಹೊತ್ತು, ತಳ್ಳುಗಾಡಿ ನೂಕಿಕೊಂಡು ತಿರುಗುತ್ತಿದ್ದ ಬಡ ಮಾರಾಟಗಾರರು. ಬೀದಿಯಲ್ಲಿ ಅವರಿಗೆ ನಲ್ಲಿಯಿರಲಿಲ್ಲ. ಒಂದೇ ಬಕೆಟ್ಟಿನ ನೀರಿನಲ್ಲಿ ಹೊತ್ತುಗಟ್ಟಲೆ ಬಟ್ಟಲುಗಳನ್ನು ಅದ್ದಿ ತೆಗೆಯಬೇಕು, ಎಂಜಲನ್ನು ಚರಂಡಿಗೆ ಚೆಲ್ಲಬೇಕು. ಕಾಲರಾ ಮತ್ತು ಟೈಫಾಯ್ಡುಗಳಿಗೆ ಇದು ರಾಜಮಾರ್ಗ. ಈ ಮಾರಾಟಗಾರರನ್ನು ಏನು ಮಾಡಬೇಕೆಂದು ವಿಚಾರಿಸಲು 1950ರಲ್ಲಿ ಸರ್ಕಾರ ಒಂದು ಆಯೋಗವನ್ನೇ ನೇಮಿಸಿತು. ಅವರು ಸಂಚಾರಕ್ಕೂ ಆರೋಗ್ಯಕ್ಕೂ ತೊಡಕಾಗಿದ್ದರೆಂಬುದು ನಿಜ. ಬಡವನಿಗೆ ಅಗ್ಗದ ಊಟವನ್ನು ಒದಗಿಸುತ್ತಿದ್ದವರೂ ಅವರೇ ಎಂಬುದೂ ಅಷ್ಟೇ ನಿಜ.

ಪರಸ್ಥಳದಲ್ಲಿ ಹೊಟ್ಟೆ ಕೆಟ್ಟರೆ ನಮ್ಮ ಹಿರಿಯರು “ನೀರು ಒಗ್ಗಲಿಲ್ಲ” ಎನ್ನುತ್ತಿದ್ದರು. ಆ ನೀರಿನಲ್ಲಿ ಒಗ್ಗದಿರುವುದು ಯಾವುದು ಎಂಬುದನ್ನು ತಿಳಿಯುವುದರಲ್ಲಿ ಭಾರತೀಯನೊಬ್ಬನ ಪಾಲು ದೊಡ್ಡದು. ಕಲ್ಕತ್ತೆಯ ಶಂಭುನಾಥ ಡೇ ಅವರು 1959ರಲ್ಲಿ, ಕಾಲರಾ ರೋಗಾಣು ಸ್ರವಿಸುವ ವಿಷವೇ ಕರುಳಿನಿಂದ ನೀರನ್ನು ಹರಿಸುತ್ತದೆಂದು ತೋರಿಸಿದರು. ಅದಕ್ಕೂ ಮೊದಲೇ, 1956ರಲ್ಲಿ, ಭೇದಿಯ ರೋಗಿಗಳಲ್ಲಿ ದೊರೆತ ಕೆಲವು ಇ. ಕೋಲೈ ಬ್ಯಾಕ್ಟೀರಿಯಾಗಳೂ ಮೊಲದ ಕರುಳಿನಲ್ಲಿ ಅದೇ ಬಗೆಯ ಪರಿಣಾಮ ಉಂಟುಮಾಡುವುದನ್ನು ಅವರು ಕಂಡಿದ್ದರು. 1970ರಲ್ಲಿ ಬ್ರಿಟನ್ನಿನ ಸಂಶೋಧಕರು ಏಡನ್ನಿಗೆ ಹೋಗಿದ್ದ ಸೈನಿಕರ ಭೇದಿಗೆ ಇ. ಕೋಲೈನ ಒಂದು ಬಗೆಯೇ ಕಾರಣವೆಂದು ಬರೆದರು. ಪ್ರಯಾಣಿಕರ ಭೇದಿಗೆ ಇಂದಿಗೂ ಮುಖ್ಯ ಕಾರಣಗಳಲ್ಲಿ ಇದೊಂದು. ಮಲದಿಂದ ನೀರಿಗೆ, ಕೈಗೆ, ಅಲ್ಲಿಂದ ತಟ್ಟೆಗೆ ಇದರ ಪಯಣ.

ಸ್ವತಂತ್ರ ಸಿಂಗಪುರ ಈ ದಾರಿಯನ್ನೇ ಕಡಿಯಲು ಹೊರಟಿತು. 1968–69ರಲ್ಲಿ ಬೀದಿ ಮಾರಾಟಗಾರರನ್ನು ನೋಂದಾಯಿಸಿದಾಗ ಅವರ ಸಂಖ್ಯೆ ಸುಮಾರು 18,000. ಅವರನ್ನು ಓಡಿಸಿಬಿಡುವ ಬದಲು, 1971ರಿಂದ ‘ಹಾಕರ್ ಸೆಂಟರ್’ಗಳನ್ನು ಕಟ್ಟಿಸಿ, ನಲ್ಲಿ, ಒಳಚರಂಡಿ, ವಿದ್ಯುತ್ತು ಮತ್ತು ಕಸ ವಿಲೇವಾರಿಯ ಅನುಕೂಲವಿತ್ತು, 1986ರ ಹೊತ್ತಿಗೆ ಅಲ್ಲಿಗೆ ಸ್ಥಳಾಂತರಿಸಿತು. ಅವೇ ಕೈಗಳು, ಅವೇ ಅಡುಗೆಗಳು. ಬದಲಾದದ್ದು ನೀರು ಮತ್ತು ನೆಲೆ. ಹಳೆಯ ಬೀದಿ, ಹಳೆಯ ಗಿರಾಕಿ ಎರಡನ್ನೂ ಬಿಟ್ಟು ಹೊರಡುವುದು ಅವರಲ್ಲಿ ಎಲ್ಲರಿಗೂ ಸುಲಭವಾಗಿರಲಿಲ್ಲ. 1997ರಲ್ಲಿ ಅಂಗಡಿಗಳ ಶುಚಿತ್ವಕ್ಕೆ ಎ, ಬಿ, ಸಿ, ಡಿ ಎಂಬ ದರ್ಜೆಗಳು ಬಂದವು. 2020ರ ಡಿಸೆಂಬರಿನಲ್ಲಿ ಈ ಊಟದ ಸಂಸ್ಕೃತಿಯನ್ನು ಯುನೆಸ್ಕೋ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟಾದರೂ ಕಟ್ಟಡವೊಂದೇ ರಕ್ಷೆಯಾಗಲಾರದು. 2009ರ ಏಪ್ರಿಲಿನಲ್ಲಿ ಗೇಲಾಂಗ್ ಸೆರಾಯ್‌ನ ತಾತ್ಕಾಲಿಕ ಮಾರುಕಟ್ಟೆಯಲ್ಲಿ ‘ಇಂಡಿಯನ್ ರೋಜಾಕ್’ ಎಂಬ ತಿನಿಸನ್ನು ತಿಂದ ನೂರೈವತ್ತಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಇಬ್ಬರು ಮಹಿಳೆಯರು ಅಸುನೀಗಿದರು. ಕಡಲ ನೀರಿನಲ್ಲಿ ಬದುಕುವ ವಿಬ್ರಿಯೋ ಪ್ಯಾರಾಹೀಮೋಲಿಟಿಕಸ್ ಎಂಬ ರೋಗಾಣು, ಹಸಿಯ ಮೀನು–ಸೀಗಡಿಗಳಿಂದ ತಿನ್ನಲು ಸಿದ್ಧವಾಗಿದ್ದ ಪದಾರ್ಥಗಳಿಗೆ ದಾಟಿರಬೇಕೆಂಬ ಕಡೆಗೆ ತನಿಖೆ ಬೆಟ್ಟು ಮಾಡಿತು. ಒಂದೇ ಚಾಕು, ಒಂದೇ ಹಲಗೆ, ತೊಳೆಯದ ಕೈ ಇಷ್ಟು ಸಾಕು.

ಆದುದರಿಂದ ಎಲ್ಲಿಯೇ ಆಗಲಿ ನೋಡಬೇಕಾದದ್ದು ಅಂಗಡಿಯ ಸೂರನ್ನಲ್ಲ. ಬೆಂಕಿ, ನೀರು, ಕೈ ಮತ್ತು ಹೊತ್ತು ಈ ನಾಲ್ಕನ್ನು. ಬೆಂಗಳೂರಿನ ಬೀದಿಯಲ್ಲಿ ಕಾವಲಿಯಿಂದ ಆಗತಾನೆ ಇಳಿದ ದೋಸೆ, ಕುದಿಯುವ ಚಹಾ, ನಾವೇ ಸುಲಿದ ಬಾಳೆಹಣ್ಣು ಬಹುಮಟ್ಟಿಗೆ ನಿರಪಾಯ. ಅದೇ ದೋಸೆಯ ಪಕ್ಕದಲ್ಲಿ ಬೆಳಗಿನಿಂದ ಕುಳಿತ ಚಟ್ನಿ, ಪಾನಿಪೂರಿಯ ನೀರು, ಹೆಚ್ಚಿಟ್ಟ ಹಣ್ಣು, ಮಂಜುಗಡ್ಡೆ ಇವು ಹಾಗಲ್ಲ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾಗಳು ಸಮೃದ್ಧವಾಗಿ ಬೆಳೆಯುತ್ತವೆ. ತಾರಾ ಹೋಟೆಲಿನಲ್ಲಿ ಆರಿ ಕುಳಿತ ಭಕ್ಷ್ಯಕ್ಕೂ ಇದೇ ನಿಯಮ.

“ಅದು ನಮ್ಮದೇ ಊರು, ನಮಗೇನಾದೀತು?” ಎಂಬ ಧೈರ್ಯವೇ ನನಗೆ ಹೆಚ್ಚು ಆತಂಕ ತರುವುದು. ಬಾಲ್ಯದಲ್ಲಿ ನಾವು ಗಳಿಸಿದ್ದ ಅಷ್ಟಿಷ್ಟು ಪ್ರತಿರೋಧ ಶಕ್ತಿ ವರ್ಷಗಳು ಉರುಳಿದಂತೆ ಕುಂದುತ್ತದೆ; ಇಲ್ಲಿ ಹುಟ್ಟಿದ ಮಕ್ಕಳಿಗೆ ಅದು ಇಲ್ಲವೇ ಇಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಪ್ರಯಾಣದಿಂದ ಟೈಫಾಯ್ಡ್ ತರುವವರಲ್ಲಿ, ಬಂಧುಗಳನ್ನು ಕಾಣಲು ದಕ್ಷಿಣ ಏಷ್ಯಾಕ್ಕೆ ಹೋದ ನಮ್ಮಂಥವರೇ ಹೆಚ್ಚು. ಹೊರಡುವ ಎರಡು ವಾರಕ್ಕೆ ಮುಂಚೆಯೇ ಟೈಫಾಯ್ಡ್ ಲಸಿಕೆ ಹಾಕಿಸಿಕೊಳ್ಳಿ.

ಓ.ಆರ್.ಎಸ್. ಪುಡಿಯ ಪೊಟ್ಟಣಗಳೂ ಜೊತೆಗಿರಲಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಇಂಥದೇ ಸಕ್ಕರೆ–ಉಪ್ಪಿನ ದ್ರಾವಣದಿಂದ ಬಹು ಮಂದಿಯ ಪ್ರಾಣ ಉಳಿಸಿದರು. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಮಲದಲ್ಲಿ ರಕ್ತ, ತೀವ್ರ ಜ್ವರ, ಮಗುವಿಗೆ ಮೂತ್ರ ನಿಲ್ಲುವಿಕೆ ಅಥವಾ ಮಂಪರು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ. ಊರಿಗೆ ಮರಳಿದ ಮೇಲೆ ವಾರಗಳೊಳಗೆ ಜ್ವರ ಬಂದರೆ, ಎಲ್ಲಿಗೆ ಹೋಗಿದ್ದಿರೆಂಬುದನ್ನು ನಿಮ್ಮ ವೈದ್ಯರಿಗೆ ಮೊದಲು ತಿಳಿಸಿ.

ನಾವು ಉಂಡು ಬೆಳೆದ ರುಚಿಯನ್ನು ಮಕ್ಕಳಿಗೂ ಉಣಿಸಬೇಕೆಂಬ ಆಸೆ ಸಹಜವಾದುದು. ಖಂಡಿತ ಉಣಿಸಿ, ಬಿಸಿಬಿಸಿಯಾಗಿ ಉಣಿಸಿ.