ಧಾರಾಪುರದ ಕನ್ನಡ ಮತ್ತು ದೂರದೇಶದ ಗ್ರಂಥಭಂಡಾರಗಳು

ಧಾರಾಪುರದ ಕನ್ನಡ ಮನೆಮಾತಿನ ಚರಿತ್ರೆಗೆ ಆಧಾರಗಳೆಲ್ಲಿವೆ ಎಂಬುದು ಈ ಪ್ರಬಂಧದ ವಿಷಯ. ನಾನು ಭಾಷಾವಿಜ್ಞಾನಿಯಲ್ಲ, ಸಂಸ್ಕೃತ ಪಾಠ ಹೇಳಿದವನು. ಆದರೂ ಪಾಣಿನಿ ಮಹರ್ಷಿಯೇ ಪ್ರಾಚ್ಯರ ಪ್ರಯೋಗ, ಉದೀಚ್ಯರ ಪ್ರಯೋಗ ಎಂದು ಸೂತ್ರಗಳಲ್ಲಿ ಗುರುತಿಸಿರುವಾಗ ಸೀಮೆಯ ನುಡಿ ಶಾಸ್ತ್ರಕ್ಕೆ ಹೊರಗಿನದಲ್ಲ ಎಂದು ನಂಬಿದ್ದೇನೆ.

ಹೋದ ವರ್ಷ ಮೊಮ್ಮಗ ಫೋನು ತಂದು, "ತಾತಾ, ನಮ್ಮೂರು ಇದ್ರಾಗೆ ಐತೆ ನೋಡು" ಅಂದ. ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಗ್ರಂಥಭಂಡಾರದಲ್ಲಿ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಗ್ರಂಥ! ಸ್ಕಾಟ್ಲೆಂಡಿನ ಈ ವೈದ್ಯ 1800ರಲ್ಲಿ ಕೊಯಮತ್ತೂರು ಸೀಮೆಯನ್ನು ಹಾದುಹೋದವನು. ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬೆಳೆ, ಕಂದಾಯ, ಜಾತಿಗಳ ನಡವಳಿಕೆ, ಎಲ್ಲವನ್ನೂ ವಿಚಾರಿಸಿದ್ದಾನೆ. ಆದರೆ ದುಭಾಷಿಗಳ ಮೂಲಕ ಕೇಳಿದವನು. ಜನ ಏನು ಹೇಳಿದರೆಂಬುದು ಇದೆ, ಹೇಗೆ ಹೇಳಿದರೆಂಬುದು ಇಲ್ಲ.

ಲೂಯಿಸ್ ದ್ವೀಪದಲ್ಲಿ ಹುಟ್ಟಿದ ಕಾಲಿನ್ ಮೆಕೆಂಜಿಯ ಸಂಗ್ರಹದಲ್ಲಿ 'ಕೊಂಗುದೇಶ ರಾಜಾಕ್ಕಳ್' ಎಂಬ ತಮಿಳು ಗ್ರಂಥವಿದೆ. ಕೊಂಗುನಾಡನ್ನಾಳಿದ ಗಂಗರ ಮಾತು ಅದರಲ್ಲಿ ಬರುತ್ತದೆ. ರಾಜರ ವಂಶಾವಳಿ ಸಿಕ್ಕಿತು ಸರಿ, ಮಗ್ಗದ ಮುಂದೆ ಕೂತವರ ಮಾತು?

ಅದಕ್ಕೆ ಗ್ರಿಯರ್ಸನ್ನನ ಭಾಷಾ ಸಮೀಕ್ಷೆಯ ಕಡೆ ತಿರುಗಿದೆ. ಈತ ಐರ್ಲೆಂಡಿನವನು. ದ್ರಾವಿಡ ನುಡಿಗಳ ಸಂಪುಟ 1906ರದು, ಅದೂ ಈಗ ಬಿಟ್ಟಿಯಾಗಿ ಸಿಗುತ್ತದೆ. ಮುಂಬಯಿ ಪ್ರಾಂತದ ಕನ್ನಡಕ್ಕೆ ಅಲ್ಲಿ ಮಾದರಿಗಳಿವೆ. ಮದ್ರಾಸು ಪ್ರಾಂತ, ಮೈಸೂರು, ಹೈದರಾಬಾದುಗಳನ್ನು ಮಾತ್ರ ಸಮೀಕ್ಷೆಗೇ ತೆಗೆದುಕೊಳ್ಳಲಿಲ್ಲ. ನಮ್ಮ ಮಾತು ಹೊರಗುಳಿದದ್ದು ಹೀಗೆ. ಯಾರ ದ್ವೇಷವೂ ಅಲ್ಲ, ಆಡಳಿತದ ಗಡಿಗೆರೆ ಅಷ್ಟೆ.

ಆ ಸ್ಕಾಟ್ಲೆಂಡಿನವರು ತಮ್ಮ ಗೇಲಿಕ್ ನುಡಿಗೆ ಏನು ಮಾಡಿಕೊಂಡರು ನೋಡಿ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಸ್ಕಾಟಿಷ್ ಅಧ್ಯಯನ ವಿಭಾಗ ತೆರೆದು, ಹಳ್ಳಿಹಳ್ಳಿಗೆ ಧ್ವನಿಯಂತ್ರ ಹೊತ್ತು ಮುದುಕರ ಹಾಡು, ಕಥೆ ಹಿಡಿದರು. 2010ರಿಂದ ಅವು 'ಟೋಬರ್ ಅನ್ ಡುವಲ್ಖಸ್' ಎಂಬ ಉಚಿತ ಭಂಡಾರದಲ್ಲಿ ಕೇಳಸಿಗುತ್ತವೆ. ಅಚ್ಚಿನ ಪುಸ್ತಕ ಎಷ್ಟಿದ್ದರೂ ಉಸಿರು ಕೇಳಿಸದು ಎಂಬುದು ಅವರಿಗೆ ಹೊಳೆದಿತ್ತು.

ನಮ್ಮಲ್ಲಿ? ನೇಕಾರಿಕೆಯ ಮಾತನ್ನೇ ತೆಗೆದುಕೊಳ್ಳಿ. ನಮ್ಮಕ್ಕನ ಬಾಯಲ್ಲಿ ಇವತ್ತಿಗೂ ಮಗ್ಗ, ಹಾಸು, ಹೊಕ್ಕು. ಅವಳ ಮಕ್ಕಳ ಬಾಯಲ್ಲಿ ತರಿ, ಪಾವು, ಊಡೈ. ತಮಿಳು ಕಲಿತದ್ದು ತಪ್ಪಲ್ಲ, ಅದು ಅನ್ನದ ಭಾಷೆ. ಆದರೆ ಅಕ್ಕನಿಗೆ ಎಂಬತ್ತನಾಲ್ಕು. ಕನ್ನಡ ಲಿಪಿ ಅವಳಿಗೂ ಬಾರದು, ಆದ್ದರಿಂದ ಬರೆದಿಟ್ಟ ಒಂದು ಸಾಲೂ ಇಲ್ಲ.

ಮೂವತ್ತು ವರ್ಷದ ಹಿಂದೆ ನಮ್ಮತ್ತೆಯ ಹಸೆ ಹಾಡುಗಳನ್ನು ಎರಡು ಕ್ಯಾಸೆಟ್ಟಿಗೆ ಹಿಡಿದು ಒಂದು ಸಂಸ್ಥೆಗೆ ಕೊಟ್ಟಿದ್ದೆ. ಹೋಗಿ ಕೇಳಿದಾಗ ಕ್ಯಾಸೆಟ್ಟೂ ಇಲ್ಲ, ಚೀಟಿಯೂ ಇಲ್ಲ. ಪ್ರತಿ ಮಾಡಿಟ್ಟುಕೊಳ್ಳದ್ದು ನನ್ನದೇ ದಡ್ಡತನ. ಅತ್ತೆ ಈಗಿಲ್ಲ.

ಈಗ ಭಾನುವಾರದ ಮಧ್ಯಾಹ್ನ ಮೊಮ್ಮಗ ಅಕ್ಕನ ಎದುರು ಫೋನು ಇಡ್ತಾನೆ. "ಇದ್ಕೆ ಯಾಕೋ ನನ್ ಮಾತು?" ಅಂತ ನಗ್ತಾಳೆ, ಆಮೇಲೆ ನೂಲಿಗೆ ಗಂಜಿ ಹಾಕೋ ಬಗೆ ಶುರುಮಾಡ್ತಾಳೆ. ಇದುವರೆಗೆ ಹನ್ನೊಂದು ಧ್ವನಿಮುದ್ರಿಕೆ ಆಗಿವೆ. ಒಂದೊಂದರಲ್ಲೂ ಊರು, ತಿಂಗಳು, ವರ್ಷ ಮೊದಲು ಹೇಳಿಸಿದ್ದೇನೆ. ಮೂರು ಕಡೆ ಪ್ರತಿ ಇಟ್ಟಿದ್ದೇನೆ.